ಭವಿತಾಳ ಗಾಡಿ, ಮಾವನ ಲ್ಯಾಪ್‌ಟಾಪ್

ಸರಕಾರಿ ಬಸ್ಸುಗಳ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದ ಬೆಳ್ಯಪ್ಪ ಗೌಡರು ನಿವೃತ್ತರಾಗಿ ಪಂಜದ ಮನೆ ಸೇರಿದ ಮೇಲೆ ಇಪ್ಪತ್ತು ದಿನ ಸುಮ್ಮನಿದ್ದರು. ಇಪ್ಪತ್ತೊಂದನೆಯ ದಿನ ಕೊರಿಯರಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರೊಳಗೆ ಅಂಗೈಯಗಲದ ಕಪ್ಪು ಯಂತ್ರ, ನಾಲ್ಕೈದು ಬಗೆಯ ವಯರು. ಮಗ ಕೀರ್ತನ್ ಕಾಲೇಜಿನಲ್ಲಿದ್ದಾಗ ಬಳಸಿದ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಊಟದ ಮೇಜಿನ ಮೇಲಿಟ್ಟು ಅವರು ಹೊಸ ಉದ್ಯೋಗ ಶುರುಮಾಡಿದರು.

ಬೆಳಿಗ್ಗೆ ನೀರುದೋಸೆ ತಿನ್ನುವಾಗ ಮನೆಯವರಿಗೆಲ್ಲ ಅದರ ಪಾಠವಾಯಿತು. ಈಗಿನ ಕಾರುಗಳಲ್ಲಿ ಇಸಿಯು ಎಂಬ ಸಣ್ಣ ಕಂಪ್ಯೂಟರ್ ಇರುತ್ತದೆ. ಯಾವಾಗ ಎಷ್ಟು ಡೀಸೆಲ್ ಬಿಡಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಎಂದು ತೀರ್ಮಾನಿಸುವುದು ಅದೇ. ಅದರೊಳಗಿನ ಫೈಲನ್ನು ತಿದ್ದಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. ಇದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ಸುಳ್ಯದಿಂದ ಕಡಬದ ತನಕ ಇದನ್ನು ಮಾಡುವವರು ಯಾರೂ ಇಲ್ಲ, ತಾನು ಆರು ತಿಂಗಳಲ್ಲಿ ಕಲಿತು ಮಾಡಿ ತೋರಿಸುತ್ತೇನೆ ಎಂದರು. ಹೆಂಡತಿ ಪೂವಮ್ಮ ಪಾಠವನ್ನು ಪೂರ್ತಿ ಕೇಳಿ, ಕಂಪ್ಯೂಟರ್ ಎಲ್ಲಿದ್ದರೂ ಅಡ್ಡಿಯಿಲ್ಲ, ಊಟದ ಮೇಜಿನಲ್ಲಿ ಬೇಡ, ದನಕ್ಕೆ ಹುಲ್ಲು ತರುವ ಕೆಲಸವೂ ನಿಲ್ಲಬಾರದು ಎಂದಳು. ಬೆಳ್ಯಪ್ಪರು ಮೇಜು ಬಿಡಲಿಲ್ಲ. ಹುಲ್ಲು ಒಂದು ದಿನ ಬಂತು, ಒಂದು ದಿನ ಇಲ್ಲ.

ಸೊಸೆ ಭವಿತಾಳಿಗೆ ಮಾವನ ಈ ಉತ್ಸಾಹ ಕಂಡು ಖುಷಿಯೇ ಆಗಿತ್ತು. ಆದರೆ ಪ್ರಯೋಗಕ್ಕೆ ಸಿಗುವಂಥ ಗಾಡಿ ಮನೆಯಲ್ಲಿದ್ದದ್ದು ಒಂದೇ, ಅದು ಅವಳದು. ಮದುವೆಗೆ ಮೊದಲೇ ತನ್ನ ಸಂಬಳದಲ್ಲಿ ಕೊಂಡ ಹಳೆಯ ಡೀಸೆಲ್ ಕಾರು. ಕೊಯಿಲದ ಆಚೆಗಿನ ಒಂದು ಪಶು ಚಿಕಿತ್ಸಾಲಯದಲ್ಲಿ ಅವಳು ಪಶುವೈದ್ಯ ಪರಿವೀಕ್ಷಕಿ. ದನಕ್ಕೆ ಇಂಜೆಕ್ಷನ್ ಕೊಡುವುದು, ಗಬ್ಬ ಪರೀಕ್ಷೆ ಮಾಡುವುದು, ಕರು ಹಾಕಲು ಕಷ್ಟಪಡುವ ದನದ ಹತ್ತಿರ ಓಡುವುದು, ಇವೆಲ್ಲ ಆ ಕಾರಿನ ಚಕ್ರದ ಮೇಲೆಯೇ ನಡೆಯುತ್ತಿದ್ದವು. ಡಿಸೆಂಬರಿನಿಂದ ಅದು ಏರಿನಲ್ಲಿ ಎಳೆಯುತ್ತಿರಲಿಲ್ಲ. ಎರಡನೇ ಗೇರಿಗೆ ಇಳಿಸಿದರೂ ತಿಣುಕುತ್ತಿತ್ತು, ಹಿಂದೆ ಕರಿ ಹೊಗೆ ಬಿಡುತ್ತಿತ್ತು. ಕೀರ್ತನ್, ಕಂಪೆನಿಯ ವರ್ಕ್‌ಶಾಪಿಗೆ ಕೊಂಡುಹೋಗು ಎಂದರೆ, ಬೆಳ್ಯಪ್ಪರು ಇದಕ್ಕೆ ಟ್ಯೂನಿಂಗೇ ಮದ್ದು, ಒಂದು ಭಾನುವಾರ ಬಿಟ್ಟುಕೊಡು ಸಾಕು ಎಂದರು.

"ಪೂರ್ತಿ ಕಲೀರಿ ಮಾವ," ಎಂದಳು ಭವಿತಾ. "ಆಮೇಲೆ ನನ್ನ ಹತ್ತಿರ ಕೇಳಿ. ನಾನು ಹೇಳಿದ ದಿನ ಮಾಡುವ."

ಬೆಳ್ಯಪ್ಪರು ಆಯಿತು ಎಂದರು.

ಫೆಬ್ರವರಿಯ ಮೊದಲ ಭಾನುವಾರ ಅವಳು ಕೀರ್ತನನ ಬೈಕಿನಲ್ಲಿ ಗುತ್ತಿಗಾರಿನ ತವರುಮನೆಗೆ ಹೋಗಿ ಸಂಜೆ ಬಂದಳು. ಸೋಮವಾರ ಬೆಳಿಗ್ಗೆ ಕಾರಿನ ಕೀ ತಿರುಗಿಸಿದರೆ ಒಂದು ಲೈಟೂ ಉರಿಯಲಿಲ್ಲ. ಬೆಳ್ಯಪ್ಪರು ಅಂಗಳಕ್ಕೆ ಬಂದು ಬಾನೆಟ್ ಎತ್ತಿ, ಬ್ಯಾಟರಿ ಹೋಗಿದೆ, ಹಳೆಯದಲ್ಲವಾ ಎಂದರು. ಅವಳು ಚೀಲ ಹೆಗಲಿಗೆ ಹಾಕಿ ಬಸ್ಸಿಗೆ ಓಡಿದಳು. ಪಂಜದಿಂದ ಕಡಬ, ಅಲ್ಲಿಂದ ಇನ್ನೊಂದು ಬಸ್ಸು, ಇಳಿದ ಮೇಲೆ ನಡಿಗೆ. ಮಂಗಳವಾರ ಕೀರ್ತನ್ ಹೊಸ ಬ್ಯಾಟರಿ ತಂದು ಹಾಕಿದ. ಕಾರು ಕದಲಲಿಲ್ಲ. ಬೆಳ್ಯಪ್ಪರು ವಯರಿಂಗ್ ಇರಬೇಕು, ನೋಡ್ತೇನೆ ಎಂದರು. ಅಂದಿನಿಂದ ಅವರ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ಕಾಣಲಿಲ್ಲ. ಹುಲ್ಲು ದಿನಾ ಬರತೊಡಗಿತು. ಪೂವಮ್ಮನಿಗೆ ಅಲ್ಲಿಗೇ ಸಂಶಯ ಬಂದಿತ್ತಂತೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಕದೀಜಮ್ಮ ಫೋನ್ ಮಾಡಿದರು. ಕೊಯಿಲದ ಹತ್ತಿರ ಎರಡು ದನ ಸಾಕಿಕೊಂಡು ಹಾಲು ಮಾರಿ ಜೀವನ ಮಾಡುವ ಹೆಂಗಸು. ದೊಡ್ಡ ದನ ನಸುಕಿನಿಂದ ನೋವು ತಿನ್ನುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಕಾಣುತ್ತದೆ ಎಂದರು. ಕೀರ್ತನ್ ಆಗಲೇ ಸುಳ್ಯದ ರಬ್ಬರ್ ಸೊಸೈಟಿಯ ಕೆಲಸಕ್ಕೆ ಬೈಕಿನಲ್ಲಿ ಹೊರಟಾಗಿತ್ತು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಪೇಟೆಯ ಸ್ಟ್ಯಾಂಡಿಗೆ ಹೋಗಿ ಅಷ್ಟು ದೂರ ಬರುವ ಒಂದು ರಿಕ್ಷಾ ಹಿಡಿದು ಅವಳು ಕದೀಜಮ್ಮನ ದನದ ಹಟ್ಟಿ ಮುಟ್ಟುವಾಗ ಒಂಬತ್ತು ದಾಟಿತ್ತು. ಡಾಕ್ಟರು ಬೇರೆ ಊರಿನ ಶಿಬಿರದಲ್ಲಿದ್ದರು. ಅವಳೇ ತೋಳಿಗೆ ಗ್ಲೌಸ್ ಹಾಕಿ, ಮಡಚಿದ ಕಾಲನ್ನು ಒಳಗೇ ನೇರಮಾಡಿ, ಕರುವನ್ನು ಎಳೆದು ತೆಗೆದಳು. ಕರು ಸತ್ತಿತ್ತು. ಹೆಣ್ಣುಕರು. ದನ ಉಳಿಯಿತು.

ಕದೀಜಮ್ಮ ಅವಳ ಕೈಗೆ ನೀರು ಹಾಕುತ್ತ, ದನ ಉಳಿಸಿಕೊಟ್ಟಿರಲ್ಲ ಡಾಕ್ಟ್ರಮ್ಮ, ಅಷ್ಟು ಸಾಕು ಎಂದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಸಂಜೆ ಅವಳು ಮನೆಗೆ ಬಂದಾಗ ಕೀರ್ತನನೂ ಬಂದಿದ್ದ. ಪೂವಮ್ಮ ಚಾ ಸೋಸುತ್ತಿದ್ದಳು. ಬೆಳ್ಯಪ್ಪರು ಮೆಟ್ಟಿಲ ಮೇಲೆ ಕೂತು ಕತ್ತಿ ಮಸೆಯುತ್ತಿದ್ದರು. ಭವಿತಾ ಚೀಲ ಇಳಿಸಿ, ಕದೀಜಮ್ಮನ ಮನೆಯಲ್ಲಿ ನಡೆದದ್ದನ್ನು ನಿಂತೇ ಹೇಳಿದಳು. ಹೇಳಿ ಮುಗಿಸಿ ಮಾವನ ಕಡೆ ತಿರುಗಿದಳು.

"ಮಾವ, ಭಾನುವಾರ ನಾನು ಇಲ್ಲದಾಗ ಗಾಡಿಗೆ ಆ ಯಂತ್ರ ಹಾಕಿದ್ದೀರಾ?"

ಕತ್ತಿ ಮಸೆಯುವ ಸದ್ದು ನಿಂತಿತು.

"ಹಾಕಿದ್ದು ಹೌದು. ಹೊಸ ಫೈಲ್ ಬರೆಯುವಾಗ ಅರುವತ್ತೆರಡು ಪರ್ಸೆಂಟಿಗೆ ನಿಂತುಹೋಯ್ತು."

"ಮತ್ತೆ ಬ್ಯಾಟರಿ ಅಂದದ್ದು?"

"ಎರಡು ದಿನದಲ್ಲಿ ಸರಿ ಮಾಡ್ತೇನೆ, ಆಮೇಲೆ ಹೇಳುವ ಅಂತ ಇದ್ದೆ."

ಕೀರ್ತನ್ ನಡುವೆ ಬಾಯಿ ಹಾಕಿದ. ಅಪ್ಪ ಒಳ್ಳೆಯದಕ್ಕೇ ಮಾಡಿದ್ದು, ಈಗ ದೊಡ್ಡದು ಮಾಡಿ ಪ್ರಯೋಜನ ಎಂತ ಎಂದ. ಭವಿತಾ ಅವನ ಮಾತಿಗೆ ಸಿಟ್ಟು ಮಾಡಲಿಲ್ಲ. ಹಾಗಾದರೆ ಕಾರು ಸರಿಯಾಗುವ ತನಕ ಬೈಕು ತನಗಿರಲಿ, ಸುಳ್ಯಕ್ಕೆ ಬೇಕಾದಷ್ಟು ಬಸ್ಸುಂಟು ಎಂದು ಬೈಕಿನ ಕೀಗೆ ಕೈ ಚಾಚಿದಳು. ಅವನು ತಾಯಿಯ ಮುಖ ನೋಡಿದ. ಪೂವಮ್ಮ ಚಾದ ಲೋಟಗಳನ್ನು ತಂದಿಟ್ಟಳು.

"ಕೊಡು," ಎಂದಳು. "ಅವಳ ಗಾಡಿ ಕೆಡಿಸುವಾಗ ಯಾರೂ ಕೇಳ್ಲಿಲ್ಲ, ಅವಳು ಕೇಳಿಯೇ ತೆಗೊಳ್ತಾ ಇದ್ದಾಳಲ್ಲ."

ಶುಕ್ರವಾರದಿಂದ ಭವಿತಾ ಬೈಕಿನಲ್ಲಿ ಹೋದಳು. ಕೀರ್ತನ್ ಬಸ್ಸಿನಲ್ಲಿ ನಿಂತುಕೊಂಡು ಹೋದ.

ಶನಿವಾರ ಅವಳಿಗೆ ರಜೆ. ಬೆಳ್ಯಪ್ಪರು ಬೆಳಿಗ್ಗೆಯೇ ಕಾರಿನ ಇಸಿಯು ಬಿಚ್ಚಿ, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಪುತ್ತೂರಿಗೆ ಹೊರಟು ನಿಂತಿದ್ದರು. ದರ್ಬೆಯಲ್ಲಿ ಅಬ್ದುಲ್ ರಹ್ಮಾನ್ ಎಂಬವರ ಆಟೋ ಇಲೆಕ್ಟ್ರಿಕಲ್ ಅಂಗಡಿ ಇತ್ತು. ಡಿಪೋದ ಕಾಲದಿಂದ ಪರಿಚಯ. ತಾನೂ ಬರುತ್ತೇನೆ, ತನ್ನ ಗಾಡಿಯ ಪೆಟ್ಟಿಗೆಯಲ್ಲವಾ ಎಂದು ಭವಿತಾ ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಬೈರಾಸಿನ ಗಂಟು ಬೆಳ್ಯಪ್ಪರ ಮಡಿಲಲ್ಲಿತ್ತು.

ರಹ್ಮಾನರು ಗಂಟು ಬಿಚ್ಚಿ ನೋಡಿ, ಇದು ನನ್ನ ಕೆಲಸವಲ್ಲ ಗೌಡ್ರೆ, ಮಗಳದು ಎಂದು ಒಳಗೆ ಕರೆದರು. ಮಗಳು ಹನಾನಳಿಗೆ ಇಪ್ಪತ್ತೈದು ವರ್ಷ. ಕೊಚ್ಚಿಯಲ್ಲಿ ಎರಡು ವರ್ಷ ಇದನ್ನೇ ಕಲಿತು ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಹೊರಗೆ ಬೋರ್ಡು ಹಾಕಿರಲಿಲ್ಲ. ಸುಳ್ಯ ಕಡಬದಲ್ಲಿ ತಾನೇ ಮೊದಲಿಗ ಎಂದುಕೊಂಡಿದ್ದ ಬೆಳ್ಯಪ್ಪರು ಅವಳ ಮೇಜಿನ ಮೇಲಿನ ಸಾಮಾನುಗಳನ್ನು ಒಂದೊಂದಾಗಿ ನೋಡಿದರು. ಹನಾನ್ ನಾಲ್ಕು ಪ್ರಶ್ನೆ ಕೇಳಿದಳು. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿದ್ದಿರಾ? ಇಲ್ಲ. ತಿದ್ದಿದ ಫೈಲ್ ನಿಮ್ಮದಾ? ಅಲ್ಲ, ಫೋನಿನ ಒಂದು ಗ್ರೂಪಿನಲ್ಲಿ ಯಾರೋ ಕಳಿಸಿದ್ದು. ಅದಕ್ಕಿಂತ ಮೊದಲು ಗಾಡಿ ಓಡಿಸಿ ರೀಡಿಂಗ್ ತೆಗೆದಿದ್ದಿರಾ? ಇಲ್ಲ. ಹಳೆಯ ಫೈಲ್ ತೆಗೆದಿಟ್ಟಿದ್ದೀರಾ? ಇದಕ್ಕೆ ಬೆಳ್ಯಪ್ಪರು ಗಟ್ಟಿಯಾಗಿ ಹೌದು ಎಂದು ಪೆನ್‌ಡ್ರೈವ್ ಕೊಟ್ಟರು. ಅವಳು ತೆರೆದು ನೋಡಿದಳು.

"ಅಂಕಲ್, ಇದು ಅರ್ಧವೇ ಉಂಟು. ನಿಮ್ಮ ಯಂತ್ರ ಪೂರ್ತಿ ಓದಲೇ ಇಲ್ಲ."

ಬೆಳ್ಯಪ್ಪರು ಸ್ಟೂಲಿನ ಮೇಲೆ ಕೂತರು.

ಹನಾನಳಿಗೆ ಗಾಬರಿಯಿರಲಿಲ್ಲ. ಪೆಟ್ಟಿಗೆ ಸುಟ್ಟಿಲ್ಲ, ಒಳಗಿನ ಫೈಲ್ ಮಾತ್ರ ಹಾಳಾಗಿದೆ ಎಂದು ವಿವರಿಸಿದಳು. ಇದೇ ನಂಬರಿನ ಇಸಿಯು ಇರುವ ಇನ್ನೊಂದು ಕಾರಿನಿಂದ ಫೈಲ್ ಓದಿ ಇದಕ್ಕೆ ತುಂಬಿದರೆ ಕಾರು ಏಳುತ್ತದೆ. ಕಾರು ತನ್ನ ಕೀಯನ್ನು ಗುರುತಿಸುವ ಸಂಕೇತ ಪೆಟ್ಟಿಗೆಯ ಬೇರೆ ಭಾಗದಲ್ಲಿ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. ಅಂಗಡಿಯ ಹಳೆಯ ಲೆಕ್ಕದ ಪುಸ್ತಕ ತಿರುವಿಹಾಕಿ ಅಂಥ ಒಂದು ಗಾಡಿ ಹುಡುಕಿದಳು. ಈಶ್ವರಮಂಗಲದಲ್ಲಿ ತೆಂಗಿನೆಣ್ಣೆ ಮಿಲ್ಲು ಇಟ್ಟಿರುವ ಮುರಳಿಕೃಷ್ಣ ಎಂಬವರ ಕಾರು. ಆದರೆ ಅವರು ಕಾರನ್ನು ಯಾರಿಗೂ ಮುಟ್ಟಲು ಬಿಡುವವರಲ್ಲ ಎಂದು ರಹ್ಮಾನರು ಹೇಳಿದರು.

ಭಾನುವಾರ ರಹ್ಮಾನರ ವ್ಯಾನಿನಲ್ಲಿ ನಾಲ್ವರೂ ಈಶ್ವರಮಂಗಲಕ್ಕೆ ಹೋದರು. ಮಿಲ್ಲಿನ ಅಂಗಳ ಪೂರ್ತಿ ಕೊಬ್ಬರಿಯ ವಾಸನೆ. ಮುರಳಿಕೃಷ್ಣ ಎಲ್ಲರಿಗೂ ಮಜ್ಜಿಗೆ ಕೊಡಿಸಿ ವಿಷಯ ಕೇಳಿದರು. ಕೇಳಿ ಬೇಡವೆಂದರು. ನಿಮ್ಮ ಕಾರು ಸತ್ತದ್ದು ಇದೇ ಕೆಲಸದಲ್ಲಿ ಅಲ್ವಾ, ನಾಳೆ ನನ್ನದೂ ಸತ್ತರೆ ಎಂದರು. ರಹ್ಮಾನರು ಸಮಾಧಾನ ಹೇಳಲು ಹೊರಟಾಗ ಬೆಳ್ಯಪ್ಪರು ಕೈ ಅಡ್ಡ ಮಾಡಿದರು.

"ನಾನು ಮೂವತ್ತನಾಲ್ಕು ವರ್ಷ ಬಸ್ಸು ರಿಪೇರಿ ಮಾಡಿದವ. ಆ ಅಹಂಕಾರದಲ್ಲಿ ಕಲಿಯದೆ ಕೈ ಹಾಕಿದೆ. ಇವಳು ನನ್ನ ಸೊಸೆ, ಗಾಡಿ ಇವಳದು. ಕೇಳಿ ಮಾಡಿ ಅಂತ ಹೇಳಿದ್ಳು, ನಾನು ಕೇಳ್ಲಿಲ್ಲ. ಕೆಡಿಸಿದ ಮೇಲೆ ಬ್ಯಾಟರಿ ಅಂತ ಸುಳ್ಳೂ ಹೇಳಿದೆ. ಇವತ್ತು ನಿಮ್ಮ ಗಾಡಿ ಮುಟ್ಟುದು ನಾನಲ್ಲ, ಈ ಹುಡುಗಿ. ಇವಳಿಗೆ ಕೆಲಸ ಗೊತ್ತುಂಟು."

ಮನೆಯಲ್ಲಿ ಒಂದು ವಾರದಿಂದ ಬಾರದ ಮಾತು ಪರರ ಅಂಗಳದಲ್ಲಿ ಬಂತು. ಭವಿತಾ ಮಜ್ಜಿಗೆ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

ಮುರಳಿಕೃಷ್ಣ ಅವಳನ್ನೇ ಕೇಳಿದರು. "ನಿಮ್ಮ ಗಾಡಿ ಸರಿ ಇದ್ದು, ನಾನು ಬಂದು ಹೀಗೆ ಕೇಳಿದ್ದಿದ್ರೆ ನೀವು ಕೊಡ್ತಿದ್ರಾ?"

"ಮಾವ ಮುಟ್ಟುದಾದ್ರೆ ಕೊಡ್ತಿರ್ಲಿಲ್ಲ," ಎಂದಳು ಅವಳು. "ಹನಾನ್ ಮುಟ್ಟುದಾದ್ರೆ ಕೊಡ್ತಿದ್ದೆ."

ಅವರು ನಕ್ಕು ಕಾರಿನ ಕೀ ತರಿಸಿದರು. ಹನಾನ್ ಮೊದಲು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ತಾನು ಓದುವುದು ಮಾತ್ರ, ಬರೆಯುವುದಿಲ್ಲ ಎಂದು ಮತ್ತೊಮ್ಮೆ ಹೇಳಿ ಕೆಲಸಕ್ಕೆ ಕೂತಳು. ಮುಕ್ಕಾಲು ಗಂಟೆಯಲ್ಲಿ ಪೂರ್ತಿ ಫೈಲ್ ಬಂತು. ಎರಡು ಸಲ ಓದಿ, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಂಡಳು. ಮುರಳಿಕೃಷ್ಣರು ತಾವೇ ಕೂತು ಕಾರು ಸ್ಟಾರ್ಟ್ ಮಾಡಿ, ಮಿಲ್ಲಿಗೆ ಒಂದು ಸುತ್ತು ಹಾಕಿ ಬಂದ ಮೇಲೆಯೇ ಇವರನ್ನು ಬಿಟ್ಟದ್ದು. ಮಂಗಳವಾರ ಆ ಫೈಲ್ ತುಂಬಿದ ಇಸಿಯು ಪಂಜಕ್ಕೆ ಬಂತು. ಬೆಳ್ಯಪ್ಪರು ಅದನ್ನು ಅದರ ಜಾಗದಲ್ಲಿ ಕೂರಿಸಿ ಕೀಯನ್ನು ಸೊಸೆಯ ಕೈಗೆ ಕೊಟ್ಟರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೀರ್ತನನಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಲ್ಲ. ಅವನು ಅಂದೇ ಸಂಜೆ ಬೈಕು ತೊಳೆದ.

ಬೆಳ್ಯಪ್ಪರು ಕೊರಿಯರಿನಲ್ಲಿ ಬಂದ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಕಟ್ಟಿದರು. ಟ್ಯೂನಿಂಗ್ ಬಿಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಬುಧವಾರ ಬೆಳಿಗ್ಗೆ ಅವರು ಶರ್ಟು ಹಾಕಿ ಹೊರಟರು. ವಾರಕ್ಕೆ ಮೂರು ದಿನ ಹನಾನಳ ಹತ್ತಿರ ಕಲಿಯುವುದೆಂದು ಮಾತಾಗಿದೆ, ಅದಕ್ಕೆ ಬದಲಾಗಿ ಅಂಗಡಿಗೆ ಬರುವ ಗಾಡಿಗಳ ಎಂಜಿನ್ ಕೆಲಸದಲ್ಲಿ ತಾನು ಕೈಜೋಡಿಸುವುದು ಎಂದರು. ಬಸ್ಸಿಗೆ ಮೊದಲು ಹುಲ್ಲು ಹಟ್ಟಿಯಲ್ಲಿರಬೇಕು ಎಂದಳು ಪೂವಮ್ಮ. ಬೆಳ್ಯಪ್ಪರು ಐದಕ್ಕೇ ಏಳತೊಡಗಿದರು. ಅವಳೂ ಗಂಜಿಯ ಬದಲು ಅನ್ನ, ಹುರುಳಿ ಸಾರು, ಒಣಮೀನಿನ ಚಟ್ನಿ ಕಟ್ಟಿಕೊಟ್ಟಳು. ಅರುವತ್ತು ದಾಟಿದವರು ಬುತ್ತಿ ಹಿಡಿದು ಕಲಿಯಲು ಹೋಗುವುದನ್ನು ನೋಡಿ ಬಸ್ಸಿನವರು ಮೊದಲ ವಾರ ತಮಾಷೆ ಮಾಡಿದರಂತೆ. ಎರಡನೇ ವಾರ ಕಂಡಕ್ಟರನೇ ತನ್ನ ಕಾರಿನ ಹೊಗೆಯ ವಿಷಯ ಕೇಳಿದನಂತೆ.

ಕಾರು ಎದ್ದಿತ್ತು, ಆದರೆ ಏರಿನಲ್ಲಿ ಮೊದಲಿನ ಹಾಗೆಯೇ ತಿಣುಕುತ್ತಿತ್ತು. ಭವಿತಾ ಆ ವಿಷಯ ಎತ್ತಲಿಲ್ಲ. ಮಾವನೂ ಎತ್ತಲಿಲ್ಲ. ಮಾರ್ಚಿನ ಮೊದಲ ಭಾನುವಾರ ದೋಸೆ ತಿಂದು ಕೈ ತೊಳೆಯುತ್ತ ಬೆಳ್ಯಪ್ಪರು ಒಂದು ಮಾತು ಕೇಳಿದರು. ಹನಾನ್ ತನ್ನ ಯಂತ್ರ ಕೊಟ್ಟಿದ್ದಾಳೆ, ಬರೆಯಲು ಅಲ್ಲ, ಗಾಡಿ ಓಡುವಾಗ ರೀಡಿಂಗ್ ನೋಡಲು ಮಾತ್ರ. ಭವಿತಾ ಓಡಿಸಿದರೆ ತಾನು ಪಕ್ಕದಲ್ಲಿ ಕೂತು ನೋಡಬಹುದಾ ಎಂದರು. ಭವಿತಾ ಕೀ ತೆಗೆದುಕೊಂಡಳು.

ಸುಬ್ರಹ್ಮಣ್ಯದ ದಾರಿಯಲ್ಲಿ ಒಂದು ಉದ್ದದ ಏರು. ರಬ್ಬರ್ ಮರಗಳು ಎಲೆ ಉದುರಿಸಿ ಹೊಸ ಚಿಗುರು ಬಿಟ್ಟಿದ್ದವು, ರಸ್ತೆ ಖಾಲಿ ಇತ್ತು. ಬೆಳ್ಯಪ್ಪರು ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟು, ಮೂರನೇ ಗೇರು, ಈಗ ಪೂರ್ತಿ ಒತ್ತು ಎಂದರು. ಅವಳು ಒತ್ತಿದಳು. ತೆರೆಯ ಮೇಲೆ ಎರಡು ಗೆರೆ ಏಳಬೇಕಿತ್ತು. ಒಂದು ಇಸಿಯು ಕೇಳುವ ಗಾಳಿ, ಇನ್ನೊಂದು ಎಂಜಿನ್ನಿಗೆ ನಿಜಕ್ಕೂ ಸಿಗುವ ಗಾಳಿ. ಮೊದಲನೆಯದು ನೇರ ಮೇಲೆ ಹೋಯಿತು. ಎರಡನೆಯದು ಅರ್ಧಕ್ಕೆ ಮಲಗಿತು. ಇನ್ನೊಂದು ಸಲ ಓಡಿಸಿದಾಗಲೂ ಹಾಗೆಯೇ.

ಅವರು ಗಾಡಿ ನಿಲ್ಲಿಸಲು ಹೇಳಿದರು. ಬಾನೆಟ್ ಎತ್ತಿ, ಟರ್ಬೊದಿಂದ ಬರುವ ದಪ್ಪ ರಬ್ಬರ್ ಹೋಸಿನ ಅಡಿಗೆ ಬೈರಾಸು ಸುತ್ತಿದ ಕೈ ಹಾಕಿ, ಕಣ್ಣು ಮುಚ್ಚಿ ತಡವಿದರು. ಕೈ ಹೊರಗೆ ತೆಗೆದಾಗ ಬಟ್ಟೆಯೆಲ್ಲ ಕರಿ ಎಣ್ಣೆ. ಹೋಸಿನ ಕೆಳಬದಿಯಲ್ಲಿ ಬೆರಳುದ್ದದ ಸೀಳು. ನಿಂತಾಗ ಮುಚ್ಚಿಕೊಂಡಿರುತ್ತದೆ, ಗಾಳಿ ಒತ್ತಿದಾಗ ಬಾಯಿ ಬಿಡುತ್ತದೆ.

ಬೆಳ್ಯಪ್ಪರು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. "ಡಿಸೆಂಬರಿನಲ್ಲೇ ಒಮ್ಮೆ ಕೈ ಹಾಕಿದ್ದಿದ್ರೆ ಸಾಕಿತ್ತು," ಎಂದರು. "ಅರ್ಧ ಗಂಟೆಯ ಕೆಲಸ. ಬಸ್ಸಿನಲ್ಲಿ ಇಂಥದ್ದು ಎಷ್ಟು ಹಿಡಿದಿದ್ದೇನೆ. ಲ್ಯಾಪ್‌ಟಾಪ್ ಬಂತಲ್ಲ, ಎಂಜಿನ್ನಿನ ಹತ್ತಿರ ಹೋಗಲೇ ಇಲ್ಲ ನಾನು."

ಭವಿತಾಳಿಗೆ ಕದೀಜಮ್ಮನ ಹಟ್ಟಿ ನೆನಪಾಯಿತು. ಹೇಳಬಹುದಾದ ಮಾತು ಬಹಳವಿದ್ದವು. ಎಣ್ಣೆ ಹಿಡಿದ ಕೈಯನ್ನು ನೋಡುತ್ತ ಕೂತ ಮಾವನನ್ನು ನೋಡಿ ಅವಳು ಅಷ್ಟನ್ನೂ ಬಿಟ್ಟಳು. ಮನೆಯಲ್ಲಿ ಇದನ್ನು ಹೇಳಬೇಕೆಂದಿಲ್ಲ ಎಂದಷ್ಟೇ ಅಂದಳು.

"ನಾನೇ ಹೇಳ್ತೇನೆ," ಎಂದರು ಬೆಳ್ಯಪ್ಪರು.

ಹಾಗೆಯೇ ಹೇಳಿದರು. ಮಧ್ಯಾಹ್ನ ಬಂಗುಡೆ ಗಸಿ ಬಡಿಸುತ್ತಿದ್ದಾಗ, ಎರಡು ಗೆರೆಗಳ ಕತೆಯಿಂದ ಹಿಡಿದು ಮೈಲಿಗಲ್ಲಿನ ತನಕ ಏನನ್ನೂ ಬಿಡದೆ ಹೇಳಿದರು. ಪೂವಮ್ಮ ಮೊದಲು ಗಂಭೀರವಾಗಿ ಕೇಳಿದಳು. ಆಮೇಲೆ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಒಂದು ರಬ್ಬರ್ ಪೈಪಿಗಾಗಿ ತಾನು ಅಷ್ಟು ದಿನ ಬಸ್ಸಿನಲ್ಲಿ ನೇತಾಡಿದೆನಾ ಎಂದು ಕೀರ್ತನ್ ಕೇಳಿದ. ಬೆಳ್ಯಪ್ಪರೂ ನಕ್ಕರು. ನಾಳೆಯೇ ಪುತ್ತೂರಿನಿಂದ ಹೋಸು ತಂದು ಹಾಕುತ್ತೇನೆ, ಗಾಡಿ ಮೊದಲಿನಂತೆ ಎಳೆಯುತ್ತದೆ, ಅದಕ್ಕೆ ಟ್ಯೂನಿಂಗಿನ ಅಗತ್ಯವೇ ಇರಲಿಲ್ಲ ಎಂದರು.

"ಹೋಸು ಹಾಕಿ," ಎಂದಳು ಭವಿತಾ. "ಆಮೇಲೆ ಟ್ಯೂನಿಂಗೂ ಮಾಡಿ."

ಮೂವರೂ ಅವಳನ್ನು ನೋಡಿದರು. ಅವಳು ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದಳು.

"ನನ್ನ ಗಾಡಿ ಯಾವ ಏರಿನಲ್ಲಿ ಎಷ್ಟು ಎಳೀಬೇಕು ಅಂತ ನನಗೆ ಗೊತ್ತುಂಟು ಮಾವ. ಅದನ್ನು ನೀವು ಇಷ್ಟರ ತನಕ ಕೇಳ್ಲಿಲ್ಲ. ಈಗ ಹೇಳ್ತೇನೆ, ಬರ್ಕೊಳ್ಳಿ."

ಬೆಳ್ಯಪ್ಪರು ಕೈ ತೊಳೆದು ಬಂದು, ಹನಾನಳ ಪಾಠ ಬರೆಯುವ ನೋಟುಪುಸ್ತಕ ತೆರೆದರು. ಅವಳು ಹೇಳಿದಳು. ಹಿಂದೆ ದನಕ್ಕೆ ಹಾಕುವ ಬೀಜವನ್ನು ತಂಪಾಗಿಡುವ ಸಾರಜನಕದ ಕ್ಯಾನು, ಮದ್ದಿನ ಪೆಟ್ಟಿಗೆ ಎಲ್ಲ ಸೇರಿ ಒಂದು ಆಳಿನ ಭಾರ ಇರುತ್ತದೆ. ಮಣ್ಣುರಸ್ತೆಯ ಏರಿನಲ್ಲಿ ನಿಂತು ಹೊರಡುವಾಗ, ಎರಡನೇ ಗೇರಿನ ಸುರುವಿನಲ್ಲಿ ಎಳೆತ ಬೇಕು. ಹೊಗೆ ಬರಬಾರದು, ದನ ಬೆದರುತ್ತದೆ. ಡೀಸೆಲ್ ಈಗ ತಿನ್ನುವುದಕ್ಕಿಂತ ಹೆಚ್ಚು ತಿನ್ನಬಾರದು. ಬರುವ ಎರಡನೇ ಶನಿವಾರ ಹನಾನ್ ಇಲ್ಲಿಗೆ ಬರಲಿ, ಅವಳು ನೋಡಿ ಸರಿ ಎಂದ ಮೇಲೆಯೇ ಬರೆಯುವುದು, ಬರೆಯುವಾಗ ತಾನು ಸ್ಟಿಯರಿಂಗಿನ ಹಿಂದೆ ಕೂತಿರುತ್ತೇನೆ.

ಬೆಳ್ಯಪ್ಪರು ಎಲ್ಲವನ್ನೂ ಬರೆದು, ಗಿರಾಕಿಗೆ ಓದಿ ಹೇಳುವಂತೆ ಒಂದೊಂದೇ ಸಾಲು ಓದಿದರು. ನಾಲ್ಕನೇ ಸಾಲಿಗೆ ಬರುವಾಗ ಭವಿತಾ ತಡೆದಳು.

"ಸ್ಪೀಡು ಸ್ವಲ್ಪ ಹೆಚ್ಚು ಅಂತ ಬರ್ದಿದ್ದೀರಿ. ಅದು ನಾನು ಹೇಳಿದ್ದಲ್ಲ."

ಬೆಳ್ಯಪ್ಪರು ಕನ್ನಡಕ ಸರಿಮಾಡಿ ನೋಡಿದರು. ಹೌದು, ಅದು ಅವಳು ಹೇಳಿದ್ದಲ್ಲ. ಅವರು ಆ ಸಾಲನ್ನು ಉದ್ದಕ್ಕೂ ಹೊಡೆದುಹಾಕಿ ಮುಂದಿನದನ್ನು ಓದಿದರು.